ಡ್ರಾಯರ್‌ನಲ್ಲಿದ್ದ ಗುರುಪರಂಪರೆ

ಅಮೆರಿಕದ ಯೂಟಾದಲ್ಲಿ ನಮ್ಮ ಅಕ್ಕಪಕ್ಕ ಜಾಸ್ತಿ ಮಾರ್ಮನ್ನರೇ, ಅಂದರೆ ಜೋಸೆಫ್ ಸ್ಮಿತ್ ಶುರುಮಾಡಿದ ಕ್ರೈಸ್ತ ಪಂಥದವರು. ಮೊನ್ನೆ ಪಕ್ಕದ ಮನೆಗೆ ಊಟಕ್ಕೆ ಹೋಗಿದ್ದೆವು. ಮಾತಿನ ನಡುವೆ ಯಜಮಾನರು ಡ್ರಾಯರ್ ಎಳೆದು ಒಂದು ಹಾಳೆ ತೋರಿಸಿದರು. ಮೇಲೆ ಅವರ ಹೆಸರು. ಅದರ ಕೆಳಗೆ, ತಲೆ ಮೇಲೆ ಕೈಯಿಟ್ಟು ಅವರಿಗೆ ಯಾಜಕಪಟ್ಟ ಕೊಟ್ಟ ಅಪ್ಪನ ಹೆಸರು. ಅಪ್ಪನಿಗೆ ಕೊಟ್ಟವರು, ಅವರಿಗೆ ಕೊಟ್ಟವರು... ಹೀಗೇ ಇಳಿದು ಜೋಸೆಫ್ ಸ್ಮಿತ್. ಸ್ಮಿತ್‌ಗೆ ಕೊಟ್ಟವರು, ಸ್ವರ್ಗದಿಂದ ಇಳಿದು ಬಂದರೆಂದು ಇವರು ನಂಬುವ ಯೇಸುವಿನ ಶಿಷ್ಯರು ಪೇತ್ರ, ಯಾಕೋಬ, ಯೋಹಾನ. ಅವರಿಗೆ ಯೇಸು. ನಾನು ಉಡುಪಿ ಕಡೆಯವನು. ಇದು ನಮ್ಮ ಮಠಗಳ ಗುರುಪರಂಪರೆಯೇ ಅಲ್ವಾ! ಆದರೆ ಎರಡು ಸಾವಿರ ವರ್ಷ ಹತ್ತೇ ಸಾಲಲ್ಲಿ ಮುಗಿದದ್ದನ್ನು ಇಲ್ಲೇ ಕಂಡದ್ದು.

ಚರಿತ್ರೆ ಮಾತ್ರ ಹಾಳೆಯಷ್ಟು ನೇರ ಇಲ್ಲ. ಇವರ ಸಭೆ, ಅಂದರೆ ಚರ್ಚು, ಶುರುವಾದದ್ದು 1830ರ ಏಪ್ರಿಲ್ 6ಕ್ಕೆ. ಅದೇ ವರ್ಷ ಸ್ಮಿತ್‌ಗೆ ಬಂದ ಒಂದು ದೈವವಾಣಿ 1833ರಲ್ಲಿ ಅಚ್ಚಾದಾಗ ಪೇತ್ರ ಬಂದು ಪಟ್ಟ ಕೊಟ್ಟ ಸುದ್ದಿಯೇ ಅದರಲ್ಲಿರಲಿಲ್ಲ. 1835ರ ಅಚ್ಚಿನಲ್ಲಿ ಅದು ಬಂದು ಕೂತಿತ್ತು. ಮೊದಲ ದಿನಗಳ ಸಂಗಾತಿ ಡೇವಿಡ್ ವಿಟ್ಮರ್ 1887ರಲ್ಲೂ ಇದಕ್ಕೆ ಸಿಟ್ಟಾಗಿದ್ದ. ದೇವರ ಮಾತು ತಿದ್ದಿದ್ದು ತಪ್ಪು, ಮಹಾಯಾಜಕ ಪದವಿಯೂ ತಪ್ಪು ಎಂದು ಬರೆದ.

ಸ್ಮಿತ್‌ನನ್ನು 1844ರಲ್ಲಿ ಇಲಿನಾಯ್‌ನ ಜೈಲಿನಲ್ಲಿ ಕೊಂದರು. ಮುಂದೆ ಯಾರು ಅನ್ನುವುದು ಇತ್ಯರ್ಥವಾಗಿರಲಿಲ್ಲ. ಸಭೆಯ ಹನ್ನೆರಡು ಅಪೊಸ್ತಲರೆಂಬ ಹಿರಿಯರ ಮುಖ್ಯಸ್ಥ ಬ್ರಿಗಮ್ ಯಂಗ್ ದೊಡ್ಡ ಗುಂಪನ್ನು ಯೂಟಾಕ್ಕೆ ಕರೆತಂದ. ಜೇಮ್ಸ್ ಸ್ಟ್ರ್ಯಾಂಗ್ ಎಂಬವ ಸ್ಮಿತ್ ಬರೆದದ್ದೆಂದು ನೇಮಕದ ಪತ್ರ ತೋರಿಸಿದ, 1850ರಲ್ಲಿ ಒಂದು ದ್ವೀಪದಲ್ಲಿ ಕಿರೀಟವನ್ನೂ ಇಟ್ಟುಕೊಂಡ. 1860ರಲ್ಲಿ ಸ್ಮಿತ್‌ನ ಮಗ ಇನ್ನೊಂದು ಸಭೆಗೆ ಹಿರಿಯನಾದ. ಉಡುಪಿಯಲ್ಲಿ ಎಂಟು ಮಠ, ಒಬ್ಬನೇ ಕೃಷ್ಣ, ಎರಡೆರಡು ವರ್ಷ ಪೂಜೆ. ಇವರಿಗೆ ಪರ್ಯಾಯ ಹೊಳೆಯಲಿಲ್ಲ. ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿ ಸ್ಮಿತ್ ದೇವಾಲಯಕ್ಕೆಂದು ಗುರುತಿಸಿದ ಜಾಗ ಇವತ್ತಿಗೂ ಒಂದು ಪುಟ್ಟ ಪಂಗಡದ ಕೈಯಲ್ಲಿದೆ. ದೊಡ್ಡ ಪಂಗಡದವರು ಸುತ್ತ ಕಟ್ಟಡ ಕಟ್ಟಿಕೊಂಡು ನೋಡುತ್ತಿದ್ದಾರೆ.

ಸ್ಮಿತ್ ದೈವವಾಣಿಯನ್ನು ತಿದ್ದಿದ್ದು ನನಗೆ ಮೋಸ ಅನ್ನಿಸುವುದಿಲ್ಲ. ದೇವರು ಇನ್ನೂ ಮಾತಾಡುತ್ತಾನೆ ಅನ್ನುವ ಬಾಗಿಲು ಅದು. ಅದೇ ಬಾಗಿಲಿಂದ 1890ರಲ್ಲಿ ಬಹುಪತ್ನಿತ್ವ ಹೊರಗೆ ಹೋಯಿತು. 1978ರಲ್ಲಿ ಕಪ್ಪು ಗಂಡಸರಿಗೆ ಪಟ್ಟ ಸಿಕ್ಕಿತು. ತಡವಾಯಿತು, ತುಂಬಾ ತಡ. ಆದರೂ ಹುಟ್ಟು ನೋಡಿ ಪಟ್ಟ ಕೊಡುವ ಊರಿಂದ ಬಂದ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಇವರಲ್ಲಿ ಉಪನಯನದ ವಯಸ್ಸಿನ ಯಾವ ಹುಡುಗನಾದರೂ ಬಿಳಿ ಅಂಗಿ ಹಾಕಿ ಭಾನುವಾರದ ಆರಾಧನೆಯಲ್ಲಿ ಪ್ರಸಾದದ ರೊಟ್ಟಿಯ ತಟ್ಟೆ ಹಿಡಿಯಬಹುದು.

ಹುಡುಗನಾದರೆ. ನನ್ನ ಹೆಂಡತಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, "ಒಬ್ಬ ಹೆಂಗಸಿನ ಹೆಸರೂ ಇಲ್ವಲ್ಲ?" ಅಂದಳು. ಸ್ಮಿತ್‌ನ ಮಗನ ಸಭೆಯವರು 1984ರಲ್ಲೇ ಹೆಂಗಸರಿಗೆ ಪಟ್ಟ ಒಪ್ಪಿದರು ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಿ, "ನಿಮ್ಮ ಎಂಟು ಮಠದ ಪಟ್ಟಿಯಲ್ಲಿ?" ಅಂದಳು. ಸುಮ್ನೆ ಹಾಳೆ ಮಡಚಿ ಯಜಮಾನರಿಗೆ ಕೊಟ್ಟೆ.