ಬೆಳಗಾವಿ ಚಳಿಗೆ ಒಂದೇ ಒಂದು ಬೂಟು

ಡಿಸೆಂಬರಿನಲ್ಲಿ ಬೆಳಿಗ್ಗೆ ಆರೂವರೆಗೆ ಟಿಳಕವಾಡಿಯಿಂದ ಕ್ಯಾಂಪ್ ಕಡೆ ಬೈಕ್ ಓಡಿಸಿದವರಿಗೆ ಗೊತ್ತು. ಸ್ವೆಟರು, ಮಫ್ಲರು, ಮಂಕಿ ಟೋಪಿ ಎಲ್ಲ ಇದ್ದರೂ ಚಳಿ ಕಾಲ್ಬೆರಳಿನಿಂದಲೇ ಹತ್ತುತ್ತದೆ.

ಚಪ್ಪಲಿ ವಿಷಯದಲ್ಲಿ ನಾವು ಬಡವರಲ್ಲ. ಹೆಸರು ಕೊಲ್ಹಾಪುರಿ ಅಂತಿದ್ದರೂ ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಕೈಗಳು ನಮ್ಮವೇ. 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ, ಅಂದರೆ ಇಂಥ ಊರಿನದೇ ಸರಕು ಎಂಬ ಗುರುತಿನಲ್ಲಿ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಆದರೆ ಉಂಗುಟದ ಚಪ್ಪಲಿಯೊಳಗೆ ಸಾಕ್ಸ್ ಹಾಕಿದ ಕಾಲು ತೂರಿಸಿ ನೋಡಿ!

ಹಾಗಾಗಿ ಮೂರು ವರ್ಷದ ಹಿಂದೆ ಕಪ್ಪು ಲೇಸಿನ ಎತ್ತರದ ಬೂಟು ತಂದೆ. ಮೊದಲ ದಿನವೇ ಚಹಾದಂಗಡಿಯವ, ‘ರಜಾದ ಮ್ಯಾಲೆ ಬಂದೀರೇನ್ರಿ?’ ಅಂದ. ಮರಾಠಾ ಲೈಟ್ ಇನ್‌ಫೆಂಟ್ರಿ ಎಂಬ ಸೇನಾ ರೆಜಿಮೆಂಟಿನ ಊರಿನಲ್ಲಿ ಸಣ್ಣ ಕಟಿಂಗ್ ಮಾಡಿಸಿಕೊಂಡು ಕಪ್ಪು ಬೂಟು ಹಾಕಿದರೆ ಇನ್ನೇನಾಗುತ್ತದೆ? ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಲೇಸು. ನಮ್ಮ ಊರಲ್ಲಿ ದಿನಕ್ಕೆಷ್ಟು ಸಲ ಕಾಲ್ಮರಿ ಬಿಚ್ಚಬೇಕು ಲೆಕ್ಕ ಹಾಕಿ: ಮನೆ, ಗುಡಿ, ಬೀಗರ ಮನೆ, ಪಕ್ಕದ ಮನೆಯ ‘ಒಳಗ ಬರ್ರಿ, ಚಹಾ ಕುಡದ ಹೋಗ್ರಿ’. ಹೊಸ್ತಿಲಲ್ಲಿ ಬಗ್ಗಿ ಗಂಟು ಬಿಚ್ಚುವಷ್ಟರಲ್ಲಿ ಚಹಾ ಕೆನೆಗಟ್ಟಿರುತ್ತದೆ.

ಆ ಬೂಟು ಸತ್ತದ್ದೂ ವಿಚಿತ್ರವಾಗಿ. ಮಳೆಗಾಲವಿಡೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ. ಚಳಿಗಾಲಕ್ಕೆ ತೆಗೆದು ಹಾಕಿಕೊಂಡು ಖಡೇಬಜಾರಿನಲ್ಲಿ ನೂರು ಹೆಜ್ಜೆ ನಡೆದಿಲ್ಲ, ಬೂಟಿನ ಅಡಿಯ ಸೋಲು ನೆನೆದ ಬಿಸ್ಕತ್ತಿನ ಹಾಗೆ ತುಂಡು ತುಂಡಾಗಿ ಉದುರಿತು. ತಿರುಗಿ ನೋಡಿದರೆ ಬಂದ ದಾರಿಯುದ್ದಕ್ಕೂ ಕಪ್ಪು ಚೂರು. ಚಮ್ಮಾರಣ್ಣ ಬೆರಳಲ್ಲಿ ಉಜ್ಜಿ ನೋಡಿ, ‘ಇದು ಹಾಕ್ಕೊಂಡು ಸವದದ್ದಲ್ರಿ, ಇಟ್ಟು ಸತ್ತದ್ದು’ ಅಂದ. ಪಿಯು, ಅಂದರೆ ಪಾಲಿಯುರೆಥೇನ್ ಸೋಲಿನ ಗುಣವೇ ಅದು. ಗಾಳಿಯ ತೇವ ಒಳಹೊಕ್ಕು ನಿಧಾನಕ್ಕೆ ಒಳಗಿಂದಲೇ ಬಿಡಿಸುತ್ತದೆ. ನಾಲ್ಕು ತಿಂಗಳು ಗೋಡೆ ಬೆವರುವ ಊರಿಗೆ ಅದು ಬೇಡ. ಗಟ್ಟಿ ರಬ್ಬರ್ ಸೋಲು, ಆದರೆ ಹೊಲಿಗೆಯದ್ದು, ಕೇಳಿ ತಗೊಳ್ಳಿ. ಅಂಟಿಸಿದ್ದಕ್ಕಿಂತ ದುಬಾರಿ, ಆದರೆ ಸವೆದರೆ ಸೋಲು ಮಾತ್ರ ಬದಲಿಸಬಹುದು.

ಈಗ ನನ್ನದು ಚೆಲ್ಸಿ ಬೂಟು. ಲೇಸಿಲ್ಲ, ಎರಡೂ ಬದಿ ಎಲಾಸ್ಟಿಕ್. ಲಂಡನ್ನಿನ ಜೋಸೆಫ್ ಸ್ಪಾರ್ಕ್ಸ್ ಹಾಲ್ ವಿಕ್ಟೋರಿಯಾ ರಾಣಿಗೆ ಮಾಡಿಕೊಟ್ಟು 1851ರಲ್ಲಿ ಪೇಟೆಂಟ್ ಪಡೆದದ್ದು. ರಾಣಿಗೆ ಎಷ್ಟು ಅನುಕೂಲವಾಯಿತೋ, ನಮ್ಮ ಹೊಸ್ತಿಲುಗಳಿಗೆ ಹೇಳಿ ಮಾಡಿಸಿದಂತಿದೆ. ಬಣ್ಣ ಹಳೇ ಬೆಲ್ಲದ ಕಂದು. ಜೀನ್ಸಿಗೂ ಸರಿ, ಆಫೀಸಿನ ಬೂದು ಪ್ಯಾಂಟಿಗೂ ಸರಿ, ಮದುವೆಯ ಜಾಕೀಟಿಗೂ ಸರಿ. ಧೋತರಕ್ಕೆ ಮಾತ್ರ ಹಾಕಿ ತೋರಿಸಬೇಡಿ. ಸಂಜೆ ಹೊತ್ತು, ಕಾಲು ತುಸು ಊದಿರುವಾಗ, ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ ಕೊಂಡೆ. ಮಖಮಲ್ಲಿನಂಥ ಸ್ವೇಡ್ ಚರ್ಮ ಚೆಂದ ಕಂಡರೂ ನಮ್ಮ ಕೆಂಪು ಧೂಳಿಗೆ ಆಗಿಬರುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಗೇರ್ ಲಿವರ್ ತಾಗಿ ತಾಗಿ ಎಡಗಾಲಿನ ಬೂಟಿನ ಮೂತಿಯ ಮೇಲೆ ಕಡಲೆಯಷ್ಟು ಕಲೆ ಬಿದ್ದಿದೆ, ಯಾವ ಪಾಲಿಶಿಗೂ ಹೋಗುತ್ತಿಲ್ಲ. ಬಲಗಾಲಿನ ಎಲಾಸ್ಟಿಕ್ ಬೇರೆ ಸಡಿಲವಾಗಿದೆ. ಅದೇ ಚಮ್ಮಾರಣ್ಣನ ಹತ್ತಿರ ಹೊಸ ಪಟ್ಟಿ ಹಾಕಲು ಕೊಟ್ಟಿದ್ದೇನೆ. ‘ಸಂಕ್ರಾಂತಿ ಒಳಗ ಕೊಡ್ತೇನ್ರಿ’ ಅಂದಿದ್ದಾನೆ. ಅಲ್ಲೀತನಕ ಅದೇ ಕೊಲ್ಹಾಪುರಿ, ಅದೇ ಮರಗಟ್ಟಿದ ಬೆರಳು.