ಮದುವೆ ಕ್ಲಿಪ್‌ಗಳನ್ನ ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿ

ಈಗಷ್ಟೇ ಒಂದು ಮದುವೆಯ ಹನ್ನೆರಡು ನಿಮಿಷದ ವಿಡಿಯೊ ನೋಡಿ ಮುಗಿಸಿದೆ. ಕ್ಲಿಪ್‌ಗಳನ್ನ ಜೋಡಿಸಿದ ಹುಡುಗಿಯ ಕೈ ಚೆನ್ನಾಗಿದೆ, ಎಲ್ಲಿ ಕತ್ತರಿಸಬೇಕೋ ಅಲ್ಲೇ ಕತ್ತರಿಸಿದ್ದಾಳೆ. ಆದರೆ ತಾಳಿ ಕಟ್ಟುವಾಗ ಎಲ್ಲರೂ ಅಕ್ಷತೆ ಹಾಕಿದ ಆ ನಾಲ್ಕು ಸೆಕೆಂಡಲ್ಲಿ ಅಕ್ಷತೆಯೇ ಕಾಣಲ್ಲ, ಬರೀ ಚೌಕ ಚೌಕ. ಸೀರೆಯ ಜರಿ ಅಂಚು ಒದ್ದೆ ಬಟ್ಟೆಯಲ್ಲಿ ಒರೆಸಿದ ಬಣ್ಣದ ಹಾಗಿದೆ. ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ. ಕ್ಲಿಪ್‌ಗಳನ್ನ ವಾಟ್ಸಾಪ್ ಗ್ರೂಪಿಗೆ ಮಾಮೂಲಿ ವಿಡಿಯೊ ಥರ ಹಾಕಿದ ನೆಂಟರ ಮೇಲೆ.

ವಾಟ್ಸಾಪ್ ವಿಡಿಯೊ ಕಳಿಸೋ ಮುಂಚೆ ಅದನ್ನ ಹಿಂಡುತ್ತೆ, ಅಂದರೆ ವಿವರ ಬಿಟ್ಟು ಫೈಲನ್ನ ಚಿಕ್ಕದು ಮಾಡುತ್ತೆ. ಅಲ್ಲಾಡದ ಗೋಡೆಗೆ ಅದರಿಂದ ಏನೂ ಆಗಲ್ಲ, ಫ್ರೇಮಿಂದ ಫ್ರೇಮಿಗೆ (ವಿಡಿಯೊ ಒಳಗಿನ ಒಂದೊಂದು ಚಿತ್ರ) ಅದು ಬದಲಾಗೋದೇ ಇಲ್ವಲ್ಲ. ಅಕ್ಷತೆ, ಹೋಮದ ಹೊಗೆ, ಆರತಿ ಬೆಳಕಲ್ಲಿ ಮಿನುಗೋ ಜರಿ ಪ್ರತಿ ಫ್ರೇಮಿಗೂ ಬದಲಾಗುತ್ತೆ. ಮೊದಲು ಕೆಡೋದು ಅವೇ, ಮದುವೆಯಲ್ಲಿ ಬೇಕಾಗಿದ್ದೂ ಅವೇ. ಎಚ್‌ಡಿ ಅಂತ ಆರಿಸಿದರೂ ಬರೋದು ಹಿಂಡಿದ ಫೈಲೇ.

ಇನ್ನೊಂದು ನಷ್ಟ ಯಾರ ಗಮನಕ್ಕೂ ಬರಲ್ಲ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಫೈಲಿನ ಹೆಸರಲ್ಲೇ ತಾರೀಕು, ಗಂಟೆ, ನಿಮಿಷ ಇರುತ್ತೆ. ಅದು ವಾಟ್ಸಾಪಲ್ಲಿ ಬಂದು ಇಳಿದಾಗ ತಾರೀಕಿನ ಮುಂದೆ ಡಬ್ಲ್ಯುಎ0007 ಥರದ ಒಂದು ನಂಬರ್ ಮಾತ್ರ ಉಳಿಯುತ್ತೆ. ಆರು ಜನ ಕಳಿಸಿದ ನಲವತ್ತು ಕ್ಲಿಪ್‌ನ ಹೆಸರಿನ ಪ್ರಕಾರ ಜೋಡಿಸಿದರೆ ಕಾಶಿಯಾತ್ರೆಗಿಂತ ಮುಂಚೆ ಊಟ ಬಂದಿರುತ್ತೆ.

"ಎಲ್ಲರೂ ಫೋನಲ್ಲೇ ನೋಡೋದು, ಇಷ್ಟು ಸಾಕು" ಅನ್ನೋರಿದ್ದಾರೆ. ಸಾಕಾಗಲ್ಲ. ಹಿಂಡಿದ ಕ್ಲಿಪ್‌ ತಂದು ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದಾಗ (ಒಂದೇ ಫೈಲಾಗಿ ಹೊರಗೆ ತೆಗೆದಾಗ) ಎರಡನೇ ಸಲ ಹಿಂಡಿದ ಹಾಗಾಯ್ತು. ಅದನ್ನ ಮತ್ತೆ ವಾಟ್ಸಾಪಿಗೆ ಹಾಕಿದರೆ ಮೂರನೇ ಸಲ. ನಾನು ನೋಡಿದ ಚೌಕಗಳು ಫೋನಿನ ಪರದೆ ಮೇಲೇ ಇದ್ದವು.

ಮಾಡಬೇಕಾಗಿರೋದು ಇಷ್ಟೇ: ಅಟ್ಯಾಚ್ ಗುರುತು ಒತ್ತಿ, ಗ್ಯಾಲರಿ ಬದಲು ಡಾಕ್ಯುಮೆಂಟ್ ಆರಿಸಿ, ವಿಡಿಯೊ ಕಳಿಸಿ. 2 ಜಿಬಿವರೆಗಿನ ಫೈಲ್ ಹಾಗೇ ಹೋಗುತ್ತೆ. ಐಫೋನಲ್ಲಿ 4ಕೆ, ಸೆಕೆಂಡಿಗೆ 30 ಫ್ರೇಮಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 170 ಎಂಬಿ, ಅಂದರೆ ಹತ್ತು ನಿಮಿಷದ ಮುಹೂರ್ತವೂ ಹಿಡಿಸುತ್ತೆ. ಕೇಬಲ್‌ನಲ್ಲಿ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕುವಾಗ ಕಾಪಿ ಅರ್ಧಕ್ಕೆ ನಿಂತರೆ, ಐಫೋನಿನ ಫೋಟೋಸ್ ಸೆಟ್ಟಿಂಗಲ್ಲಿ ಕೊನೆಗೆ 'ಕೀಪ್ ಒರಿಜಿನಲ್ಸ್' ಅಂತಿದೆ, ಅದನ್ನ ಆರಿಸಿ.

ಬಂದ ಫೈಲ್‌ಗಳನ್ನೆಲ್ಲ ಮೊದಲು ಲ್ಯಾಪ್‌ಟಾಪಿನ ಒಂದೇ ಫೋಲ್ಡರಿಗೆ ಕಾಪಿ ಮಾಡಿ, ಆಮೇಲೆ ಇಂಪೋರ್ಟ್. ಶಾಟ್‌ಕಟ್ ಥರದ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಇಂಪೋರ್ಟ್ ಅಂದರೆ ಕಾಪಿ ಅಲ್ಲ, ಫೈಲ್ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳೋದು ಅಷ್ಟೇ. ಪೆನ್‌ಡ್ರೈವಿಂದ ನೇರ ಎಳೆದು ಹಾಕಿ, ಪೆನ್‌ಡ್ರೈವ್ ವಾಪಸ್ ಕೊಟ್ಟರೆ ಮರುದಿನ ಟೈಮ್‌ಲೈನ್ ಖಾಲಿ. ಪ್ರಾಜೆಕ್ಟ್ ಫೈಲನ್ನೇ ಅಣ್ಣನಿಗೆ ಮೇಲ್ ಮಾಡಿದರೆ ಅವನ ಕಂಪ್ಯೂಟರಲ್ಲಿ ಏನೂ ತೆರೆಯದೇ ಇರೋದಕ್ಕೂ ಇದೇ ಕಾರಣ.

ಓಲಗದ ಕ್ಲಿಪ್ ಉದ್ದ ಇದ್ದರೆ ಇದನ್ನೂ ಗಮನಿಸಿ: ಬೆಳಕು ಕಮ್ಮಿ ಇರೋ ಛತ್ರದಲ್ಲಿ ಫೋನ್ ಫ್ರೇಮ್ ವೇಗವನ್ನ ಹೆಚ್ಚುಕಮ್ಮಿ ಮಾಡುತ್ತೆ. ಆಗ ಕೆಲವು ಸಾಫ್ಟ್‌ವೇರಲ್ಲಿ ಡೋಲಿನ ಪೆಟ್ಟು ಒಂದು ಕಡೆ, ಕೈ ಇನ್ನೊಂದು ಕಡೆ ಆಗುತ್ತೆ. ವಿಡಿಯೊ ಫೈಲ್ ಬದಲಿಸೋ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಇಟ್ಟು, ಗುಣಮಟ್ಟ ಆದಷ್ಟು ಹೆಚ್ಚಿಟ್ಟು ಬದಲಿಸಿಕೊಂಡು ಆಮೇಲೆ ಜೋಡಿಸಿ.

ಎಕ್ಸ್‌ಪೋರ್ಟಿಗೆ ಎಂಪಿ4, ಎಚ್.264, 1080ಪಿ, ಸೆಕೆಂಡಿಗೆ 8 ಮೆಗಾಬಿಟ್. ಹತ್ತು ನಿಮಿಷಕ್ಕೆ ಸುಮಾರು 600 ಎಂಬಿ ಆಗುತ್ತೆ. ಇದನ್ನೂ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಆ ಹುಡುಗಿಯ ಕೆಲಸ ಇನ್ನೂ ಉಳಿಸಬಹುದು. ಮೂಲ ಕ್ಲಿಪ್‌ಗಳು ನೆಂಟರ ಫೋನಲ್ಲೇ ಇರುತ್ತವೆ, ಜಾಗ ಇಲ್ಲ ಅಂತ ಅಳಿಸೋ ಮುಂಚೆ ಕೇಳಿ ತರಿಸಬೇಕು. ಅವಳು ಜೋಡಿಸಿದ್ದು ಶಾಟ್‌ಕಟ್‌ನಲ್ಲಾದರೆ, ವಾಟ್ಸಾಪಿಂದ ಬಂದ ಕ್ಲಿಪ್‌ಗಳ ಫೋಲ್ಡರನ್ನ ಬೇರೆ ಕಡೆ ಸರಿಸಿ ಪ್ರಾಜೆಕ್ಟ್ ತೆರೆದರೆ ಶಾಟ್‌ಕಟ್ ಕಾಣೆಯಾದ ಫೈಲ್‌ಗಳ ಪಟ್ಟಿ ತೋರಿಸುತ್ತೆ. ಒಂದೊಂದರ ಮೇಲೂ ಎರಡು ಸಲ ಒತ್ತಿ ಮೂಲ ಫೈಲ್ ತೋರಿಸಿದರೆ ಕಟ್‌ಗಳೆಲ್ಲ ಇದ್ದಲ್ಲೇ ಉಳಿಯುತ್ತವೆ. ಕಳಿಸುವಾಗ ಯಾರಾದರೂ ಕ್ಲಿಪ್‌ನ ಶುರು ಕತ್ತರಿಸಿದ್ದರೆ ಮಾತ್ರ ಆ ಕ್ಲಿಪ್‌ನ ಕೈಯಲ್ಲಿ ಸರಿಸಿ ಹೊಂದಿಸಬೇಕಾಗುತ್ತೆ.