ಬೇಸಿಗೆಯ ನೆರವು ತೀರ್ಮಾನವಾಗುವುದು ಸೆಪ್ಟೆಂಬರ್‌ನಲ್ಲಿ

ಕಳೆದ ಶನಿವಾರ ನಮ್ಮ ಕನ್ನಡ ಕೂಟದ ಗಣೇಶೋತ್ಸವದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಪರಿಚಯದವರೊಬ್ಬರು, "ಮೇಷ್ಟ್ರೇ, ನಿಮ್ಮ ಮಗಳಿಗೆ ಬೇಸಿಗೆ ಕೋರ್ಸಿಗೂ ಸರ್ಕಾರದ ದುಡ್ಡು ಬಂತಂತೆ, ನಿಜವೇ? ನಮ್ಮ ಹುಡುಗನಿಗೆ ಆಫೀಸಿನವರು ಇಲ್ಲ ಅಂದುಬಿಟ್ಟರಲ್ಲ" ಎಂದು ಕೇಳಿದರು. ಬಂದದ್ದು ನಿಜ, ಮೊದಲು ನಮಗೂ ಇಲ್ಲವೆಂದೇ ಹೇಳಿದ್ದರೆಂಬುದೂ ನಿಜ. ಒಂದು ಕೈಯಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದುಕೊಂಡು ವಿವರಿಸಿ ಮುಗಿಸುವಂಥ ವಿಷಯ ಅದಲ್ಲವಾದ್ದರಿಂದ, ಬರೆದು ಹಾಕುತ್ತೇನೆಂದು ಮಾತು ಕೊಟ್ಟು ಬಂದೆ.

ನನ್ನನ್ನು ಬಲ್ಲವರಿಗೆ ನಮ್ಮ ಸ್ಥಿತಿ ಗೊತ್ತು. ಅಕ್ಕ ಹಾಕಿದ ಅರ್ಜಿಯ ಮೇಲೆ ಹದಿಮೂರು ವರ್ಷ ಕಾದು, ನಲವತ್ತೆಂಟನೆಯ ವಯಸ್ಸಿನಲ್ಲಿ ಗ್ರೀನ್ ಕಾರ್ಡ್ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಬಂದವನು ನಾನು. ತುಮಕೂರಿನಲ್ಲಿ ಪಿಯು ಕಾಲೇಜಿನ ಉಪನ್ಯಾಸಕನಾಗಿದ್ದವನು ಇಲ್ಲಿ ಗೋದಾಮಿನಲ್ಲಿ ಸಾಮಾನು ಎಣಿಸುತ್ತೇನೆ; ಮನೆಯವರು ಮಕ್ಕಳ ಡೇಕೇರಿನಲ್ಲಿ ಕೆಲಸ ಮಾಡುತ್ತಾರೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಏಕೆಂದರೆ ಈ ವರಮಾನದ ಕಾರಣದಿಂದಲೇ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ಮಗಳಿಗೆ ಪೆಲ್ ಗ್ರ್ಯಾಂಟ್ ಪೂರ್ತಿಯಾಗಿ ಸಿಗುತ್ತದೆ. ಇದು ಸಾಲವಲ್ಲ, ಕಡಿಮೆ ವರಮಾನದ ಮನೆಯ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ, ಹಿಂತಿರುಗಿಸಬೇಕಾಗಿಲ್ಲದ ಅನುದಾನ. 1972ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ, ಅದಕ್ಕಾಗಿ ಶ್ರಮಿಸಿದ ರೋಡ್ ಐಲೆಂಡಿನ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು 1980ರಲ್ಲಿ ಪಡೆದ ಯೋಜನೆ. 2024-25ರಲ್ಲಿಯೂ 2025-26ರಲ್ಲಿಯೂ ಇದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್.

ಈಗ ಬೇಸಿಗೆಯ ಮಾತಿಗೆ ಬರುತ್ತೇನೆ. ಮಗಳು ಎರಡನೆಯ ವರ್ಷ ಮುಗಿಸುವ ಹೊತ್ತಿಗೆ ಸಂಖ್ಯಾಶಾಸ್ತ್ರದ 3 ಕ್ರೆಡಿಟ್ಟಿನ ಒಂದು ಕೋರ್ಸು ಬಾಕಿ ಉಳಿದಿತ್ತು. ವಸಂತದ ಸೆಮಿಸ್ಟರಿನಲ್ಲಿ ಆ ತರಗತಿಯ ಜಾಗಗಳೆಲ್ಲ ಭರ್ತಿಯಾಗಿ ಅವಳಿಗೆ ಸಿಕ್ಕಿರಲಿಲ್ಲ. ಅದು ಮುಗಿಯದೆ ಮೂರನೆಯ ವರ್ಷದ ಮೂರು ಕೋರ್ಸುಗಳಿಗೆ ಪ್ರವೇಶವಿಲ್ಲ, ಆ ಮೂರರಲ್ಲಿ ಒಂದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಹಾಗಾಗಿ 3 ಕ್ರೆಡಿಟ್ ತಪ್ಪಿದರೆ ಪದವಿಯೇ ಒಂದು ವರ್ಷ ಮುಂದೆ ಹೋಗುವ ಪರಿಸ್ಥಿತಿ. ಬೇಸಿಗೆಯ ಕೋರ್ಸೆಂದರೆ ಚುರುಕಾದ ಮಕ್ಕಳು ಬೇಗ ಮುಗಿಸಲೆಂದು ಮಾಡುವ ಓದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ನಾನು ಕಂಡಂತೆ ಹೆಚ್ಚಿನವರು ಬೇಗ ಮುಗಿಸಲು ಅಲ್ಲ, ತಡವಾಗದಿರಲೆಂದು ಅದನ್ನು ತೆಗೆದುಕೊಳ್ಳುತ್ತಾರೆ.

ಮೇ ತಿಂಗಳಿನಲ್ಲಿ ಕಾಲೇಜಿನ ನೆರವಿನ ಕಚೇರಿಗೆ ಬರೆದು ಕೇಳಿದಾಗ ಬಂದ ಉತ್ತರ ಎರಡೇ ಸಾಲಿನದು: ಈ ವರ್ಷದ ಪೆಲ್ ಪೂರ್ತಿ ಬಳಕೆಯಾಗಿದೆ, ಬೇಸಿಗೆಗೆ ಅರ್ಹತೆ ಇಲ್ಲ. ಕೊನೆಯಲ್ಲಿ ಶುಭ ಹಾರೈಕೆ ಇತ್ತು.

ಆ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಅದು ಅರ್ಧ ಉತ್ತರ, ಉಳಿದರ್ಧ ನನಗೆ ತಿಳಿದುಬಂದದ್ದು ಮೂರು ರಾತ್ರಿ ಶಿಕ್ಷಣ ಇಲಾಖೆಯ ಕೈಪಿಡಿಯನ್ನು ಓದಿದ ಮೇಲೆ. ಲೆಕ್ಕ ಹೀಗಿದೆ. ನೆರವಿನ ವರ್ಷವೆಂದರೆ ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಒಂದು ಸೆಮಿಸ್ಟರಿನಲ್ಲಿ 12 ಕ್ರೆಡಿಟ್ ತೆಗೆದುಕೊಂಡವರು ಪೂರ್ಣಾವಧಿ ವಿದ್ಯಾರ್ಥಿಗಳು. ಅವರಿಗೆ ವರ್ಷದ ಪೆಲ್ಲಿನ ಅರ್ಧ, ಅಂದರೆ ಸುಮಾರು 3,697 ಡಾಲರ್ ಆ ಸೆಮಿಸ್ಟರಿಗೆ ಸಲ್ಲುತ್ತದೆ. ಕ್ರೆಡಿಟ್ ಕಡಿಮೆಯಾದರೆ ಮೊತ್ತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶರತ್ಕಾಲ ಮತ್ತು ವಸಂತ ಎರಡರಲ್ಲೂ ಪೂರ್ಣಾವಧಿ ಓದಿದವರ ವರ್ಷದ ಪಾಲು ಅಲ್ಲಿಗೆ ಮುಗಿಯಿತು. ಅದರಾಚೆಗೆ ಇನ್ನರ್ಧ ವರ್ಷದ ಪಾಲನ್ನು, ಅಂದರೆ ಒಟ್ಟು ಶೇಕಡಾ 150ರವರೆಗೆ, ಒಂದೇ ವರ್ಷದಲ್ಲಿ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಷರತ್ತೇನೆಂದರೆ, ಹಾಗೆ ಹೆಚ್ಚುವರಿಯಾಗಿ ಪಡೆಯುವ ಅವಧಿಯಲ್ಲಿ ವಿದ್ಯಾರ್ಥಿ ಕನಿಷ್ಠ ಅರ್ಧಾವಧಿ, ಎಂದರೆ 6 ಕ್ರೆಡಿಟ್ ಓದುತ್ತಿರಬೇಕು.

ಈ ಷರತ್ತು ಎಲ್ಲಿ ಕಚ್ಚುತ್ತದೆಂದು ನೋಡಿ. ನನ್ನ ಮಗಳು ವರ್ಷವಿಡೀ ಪೂರ್ಣಾವಧಿ ಓದಿದವಳು, ಬೇಸಿಗೆಗೆ ಬೇಕಿದ್ದದ್ದು 3 ಕ್ರೆಡಿಟ್ ಮಾತ್ರ, ಅವಳಿಗೆ ಸೊನ್ನೆ. ಅದೇ ಅವಳ ಗೆಳತಿ ಶರತ್ಕಾಲದಲ್ಲಿ 9 ಕ್ರೆಡಿಟ್ ಮಾತ್ರ ತೆಗೆದುಕೊಂಡಿದ್ದಳು ಎಂದಿಟ್ಟುಕೊಂಡರೆ, ಆಕೆಯ ವರ್ಷದ ಪಾಲಿನಲ್ಲಿ ಸುಮಾರು 924 ಡಾಲರ್ ಉಳಿದಿರುತ್ತದೆ, ಮತ್ತು ಉಳಿದ ಪಾಲನ್ನು ಬಳಸಲು 6 ಕ್ರೆಡಿಟ್ಟಿನ ಕಟ್ಟುಪಾಡು ಇಲ್ಲ. 3 ಕ್ರೆಡಿಟ್ಟಿನ ಬೇಸಿಗೆ ಕೋರ್ಸಿಗೆ ಸಲ್ಲಬೇಕಾದದ್ದೂ ಸರಿಯಾಗಿ ಅಷ್ಟೇ ಮೊತ್ತ. ಹೆಚ್ಚು ಓದಿದವಳಿಗೆ ಇಲ್ಲ, ಕಡಿಮೆ ಓದಿದವಳಿಗೆ ಉಂಟು. ಗಣಿತದ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇರಬಹುದು, ಆದರೆ ಇಪ್ಪತ್ತು ವರ್ಷದ ಹುಡುಗಿಗೆ ಇದನ್ನು ವಿವರಿಸಿ ಹೇಳುವಾಗ ಅವಳು ನನ್ನ ಮುಖವನ್ನು ನೋಡಿದ ರೀತಿ ನನಗೆ ಮರೆತಿಲ್ಲ.

ದಾರಿ ಸಿಕ್ಕಿದ್ದು ಕೈಪಿಡಿಯ ಇನ್ನೊಂದು ಕಡೆಯಲ್ಲಿ. ಜೂನ್ 30 ಮತ್ತು ಜುಲೈ 1ರ ಎರಡೂ ಬದಿಗೆ ಚಾಚಿಕೊಂಡಿರುವ ಬೇಸಿಗೆ ಅವಧಿಯನ್ನು ಹಿಂದಿನ ನೆರವಿನ ವರ್ಷದ ಬಾಲವೆಂದು ಎಣಿಸಬೇಕೋ ಮುಂದಿನ ವರ್ಷದ ತಲೆಯೆಂದು ಎಣಿಸಬೇಕೋ ಎಂಬುದನ್ನು ಪೆಲ್ ಮಟ್ಟಿಗೆ ಕಾಲೇಜೇ ನಿರ್ಧರಿಸಬಹುದು, ಮತ್ತು ವಿದ್ಯಾರ್ಥಿಗೆ ಯಾವುದು ಅನುಕೂಲವೋ ಆ ವರ್ಷಕ್ಕೆ ಸೇರಿಸಬಹುದು. ನಮ್ಮ ಮಗಳ ಕಾಲೇಜು ರೂಢಿಯಾಗಿ ಬಾಲವೆಂದೇ ಎಣಿಸುತ್ತದೆ. ಅದನ್ನು ತಲೆಯಾಗಿ ಎಣಿಸಲು ಸಾಧ್ಯವೇ ಎಂದು ವಿನಯದಿಂದ ಇನ್ನೊಂದು ಪತ್ರ ಬರೆದೆವು. ಫೆಡರಲ್ ನೆರವಿಗಾಗಿ ಪ್ರತಿ ವರ್ಷವೂ ತುಂಬಬೇಕಾದ ಫಾಫ್ಸಾ ಅರ್ಜಿಯನ್ನು 2025-26ಕ್ಕೆ ಡಿಸೆಂಬರಿನಲ್ಲೇ ತುಂಬಿ ಇಟ್ಟಿದ್ದೆವು, ಅದೇ ನಮ್ಮ ಪುಣ್ಯ. ಅದಿಲ್ಲದಿದ್ದರೆ ಕೇಳಲು ಆಧಾರವೇ ಇರುತ್ತಿರಲಿಲ್ಲ. ಒಂಬತ್ತು ದಿನಗಳ ನಂತರ ಬೇರೊಬ್ಬ ಅಧಿಕಾರಿಯಿಂದ ಬಂದ ಉತ್ತರದಲ್ಲಿ 924 ಡಾಲರ್ ಮಂಜೂರಾಗಿತ್ತು.

ಇದರಿಂದ ಮುಂದಿನ ವಸಂತಕ್ಕೆ ಕೊರತೆಯಾಗುವುದಿಲ್ಲವೇ ಎಂದು ಮನೆಯವರು ಕೇಳಿದರು, ಸರಿಯಾದ ಪ್ರಶ್ನೆ. ಆಗುವುದಿಲ್ಲ. ವಸಂತದಲ್ಲಿ ಅವಳು ಹೇಗೂ 12 ಕ್ರೆಡಿಟ್ ಓದುವವಳಾದ್ದರಿಂದ ಅರ್ಧಾವಧಿಯ ಷರತ್ತು ತಾನಾಗಿ ಪೂರೈಕೆಯಾಗಿ, ಶೇಕಡಾ 100ನ್ನು ದಾಟಿದ ಭಾಗ ಹೆಚ್ಚುವರಿ ಪಾಲಿನಿಂದ ಬರುತ್ತದೆ. ಕಡಿಮೆಯಾಗುವುದು ಜೀವಮಾನದ ಲೆಕ್ಕದಲ್ಲಿ: ಒಬ್ಬರಿಗೆ ಒಟ್ಟು ಶೇಕಡಾ 600, ಅಂದರೆ 12 ಪೂರ್ಣ ಸೆಮಿಸ್ಟರುಗಳಷ್ಟು ಪೆಲ್ ಮಾತ್ರ. ನಾಲ್ಕು ವರ್ಷದ ಪದವಿಗೆ 8 ಸಾಕಾದ್ದರಿಂದ ಸಾಮಾನ್ಯವಾಗಿ ಅಷ್ಟು ಸಡಿಲ ಇರುತ್ತದೆ, ಆದರೆ ಆರು ವರ್ಷ ಎಳೆದವರು ಈ ಲೆಕ್ಕವನ್ನು ನೋಡಿಕೊಳ್ಳಬೇಕು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ನಿಯಮ ಕಾಲೇಜಿಗೆ ಆಯ್ಕೆಯನ್ನು ಕೊಟ್ಟಿದೆ, ಆ ಆಯ್ಕೆ ವಿದ್ಯಾರ್ಥಿಯ ಅನುಕೂಲಕ್ಕಾಗಿ ಎಂದೂ ಹೇಳಿದೆ. ಹಾಗಿದ್ದ ಮೇಲೆ ಎರಡೂ ವರ್ಷದ ಲೆಕ್ಕ ಹಾಕಿ ನೋಡುವ ಹೊಣೆ ಕಚೇರಿಯದ್ದಾಗಬೇಕೇ ಹೊರತು, ಕೈಪಿಡಿ ಓದಿ ಕೇಳುವ ಶಕ್ತಿ ಇರುವ ಅಪ್ಪಂದಿರದ್ದಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಪುಟ ಓದಿ ಅರ್ಥ ಮಾಡಿಕೊಳ್ಳುವುದು ಇಪ್ಪತ್ತೆರಡು ವರ್ಷ ಪಾಠ ಹೇಳಿದ ನನಗೇ ಕಷ್ಟವಾಯಿತು. ನನ್ನ ಗೋದಾಮಿನಲ್ಲಿ ಪಕ್ಕದ ಸಾಲಿನಲ್ಲಿ ದುಡಿಯುವ ಮೆಕ್ಸಿಕೋ ಮೂಲದ ಗೆಳೆಯನ ಮಗನಿಗೂ ಇದೇ ಎರಡು ಸಾಲಿನ ಉತ್ತರ ಬಂದಿತ್ತು, ಅವರು ಅಲ್ಲಿಗೇ ಬಿಟ್ಟಿದ್ದರು. ಕಚೇರಿಯ ನೌಕರರನ್ನು ದೂರುವುದು ನನ್ನ ಉದ್ದೇಶವಲ್ಲ. 2024-25ರ ಹೊಸ ಫಾಫ್ಸಾ ಮೂರು ತಿಂಗಳು ತಡವಾಗಿ, 2023ರ ಡಿಸೆಂಬರ್ ಕೊನೆಗೆ ತೆರೆದು, ಆಮೇಲೂ ದೋಷಗಳಿಂದ ತುಂಬಿದ್ದಾಗ ದೇಶದೆಲ್ಲೆಡೆ ಆ ನೌಕರರು ಪಟ್ಟ ಪಾಡು ಎಲ್ಲರೂ ಬಲ್ಲದ್ದು.

ಬೇಸಿಗೆ ಪೆಲ್ ಎಂಬುದು ಬಂದು ಹೋಗಿ ಮತ್ತೆ ಬಂದ ಸವಲತ್ತು ಎಂಬುದನ್ನೂ ನೆನಪಿಡಬೇಕು. 2009-10ರಲ್ಲಿ ಒಂದೇ ವರ್ಷದೊಳಗೆ ಎರಡನೆಯ ಪೆಲ್ ಪಡೆಯುವ ಅವಕಾಶ ಜಾರಿಗೆ ಬಂದು, ಖರ್ಚು ಅಂದಾಜಿಗಿಂತ ಬಹಳ ಹೆಚ್ಚಾಯಿತೆಂದು 2011ರಲ್ಲಿ ರದ್ದಾಗಿ, 2017ರ ಮೇ ತಿಂಗಳಿನ ಆಯವ್ಯಯ ಕಾಯ್ದೆಯ ಮೂಲಕ ಮರಳಿತು. ಖರ್ಚು ಹೆಚ್ಚಾಯಿತೆಂದರೆ ಬೇಕಾದವರು ಅಷ್ಟು ಜನ ಇದ್ದರೆಂದು ನಾನು ಓದಿಕೊಳ್ಳುತ್ತೇನೆ.

ಇಷ್ಟೆಲ್ಲ ಬರೆದರೂ, ಒಂದೇ ಕೋರ್ಸು ಬೇಕಾದವರಿಗೆ ನಾನು ಕೊಡುವ ಮೊದಲ ಸಲಹೆ ನೆರವಿನದ್ದಲ್ಲ, ಪಕ್ಕದ ಕಮ್ಯುನಿಟಿ ಕಾಲೇಜಿನದ್ದು, ಅಂದರೆ ಕಡಿಮೆ ಶುಲ್ಕದ ಎರಡು ವರ್ಷದ ಸರ್ಕಾರಿ ಕಾಲೇಜಿನದ್ದು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಅಲ್ಲಿ ಒಂದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ ಅಲ್ಲಿಯ ಹೆಸರು) ಶುಲ್ಕ 46 ಡಾಲರ್, ಹಾಗಾಗಿ 3 ಯೂನಿಟ್ಟಿಗೆ 138. ಕಡಿಮೆ ವರಮಾನದವರಿಗೆ ಅದೂ ಮನ್ನಾ ಆಗುವ ಪ್ರಾಮಿಸ್ ಗ್ರ್ಯಾಂಟ್ ಇದೆ. ಅಲ್ಲಿಯ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮವೆಂಬುದನ್ನು ಅಸಿಸ್ಟ್ ಎಂಬ ಜಾಲತಾಣದಲ್ಲಿ ನೋಡಬಹುದು, ನೋಡಿದ ಮೇಲೂ ಸ್ವಂತ ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು ಕ್ಷೇಮ. ಆದರೆ ಪೆಲ್ ಅನ್ನು ಅಲ್ಲಿಗೆ ಒಯ್ಯಲು ಎರಡು ಕಾಲೇಜುಗಳ ನಡುವೆ ಒಪ್ಪಂದ ಬೇಕು. ಪದವಿ ಪಡೆಯುತ್ತಿರುವ ಕಾಲೇಜಿನ ಮೂಲಕವಲ್ಲದೆ ಅದು ಬರುವುದಿಲ್ಲ. ನಮ್ಮ ಮಗಳ ವಿಭಾಗ ಹೊರಗಿನ ಸಂಖ್ಯಾಶಾಸ್ತ್ರವನ್ನು ಒಪ್ಪಲಿಲ್ಲ, ಇಲ್ಲವಾದರೆ ನಾನು ಈ ಪತ್ರ ವ್ಯವಹಾರಕ್ಕೇ ಇಳಿಯುತ್ತಿರಲಿಲ್ಲ.

ಸಾಲದ ವಿಚಾರವಾಗಿ ಸ್ವಲ್ಪ. ತಂದೆತಾಯಿಯರ ಆಶ್ರಯದಲ್ಲಿರುವ ಎರಡನೆಯ ವರ್ಷದ ವಿದ್ಯಾರ್ಥಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 6,500 ಡಾಲರ್. ಕಾಲೇಜುಗಳು ಅದನ್ನು ಸಾಮಾನ್ಯವಾಗಿ ಎರಡು ಸೆಮಿಸ್ಟರಿಗೆ ಸಮನಾಗಿ ಹಂಚಿಬಿಡುತ್ತವೆ, ಬೇಸಿಗೆಗೆ ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಓದುವುದು ಖಚಿತವಿದ್ದರೆ ವರ್ಷದ ಆರಂಭದಲ್ಲೇ ಒಂದಷ್ಟನ್ನು ಬೇಡವೆಂದು ಹೇಳಿ ಕಾದಿರಿಸಿಕೊಳ್ಳಬಹುದು. ಇದಕ್ಕೂ ಅರ್ಧಾವಧಿಯ ಓದು ಕಡ್ಡಾಯ.

ಹಣ ಬಂದ ಮೇಲೆ ಕೋರ್ಸು ಬಿಡುವ ಯೋಚನೆ ಇರುವವರಿಗೆ ಎಚ್ಚರಿಕೆ ಹೇಳಲೇಬೇಕು. ಅವಧಿಯ ಶೇಕಡಾ 60 ದಾಟುವ ಮೊದಲು ಓದನ್ನು ಪೂರ್ತಿ ಬಿಟ್ಟರೆ, ಓದಿದ ದಿನಗಳ ಪ್ರಮಾಣದಷ್ಟು ನೆರವು ಮಾತ್ರ ನಮ್ಮದು, ಉಳಿದದ್ದು ಹಿಂದಕ್ಕೆ ಹೋಗುತ್ತದೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ಹತ್ತು ದಿನವೆಂದರೆ ಇನ್ನೂ ಪುಸ್ತಕ ಕೊಳ್ಳುವ ಹೊತ್ತು. ಆರು ವಾರದ ಬೇಸಿಗೆಯಲ್ಲಿ ಅದು ಕಾಲು ಭಾಗ. ಒಂದೇ ಕೋರ್ಸು ತೆಗೆದುಕೊಂಡವರು ಅದನ್ನು ಬಿಟ್ಟರೆ ಪೂರ್ತಿ ಬಿಟ್ಟಂತೆಯೇ. ಹಾಗೆ ಬಿಟ್ಟ ಕ್ರೆಡಿಟ್ಟುಗಳು ಮುಂದಿನ ವರ್ಷಗಳ ನೆರವಿಗೆ ಬೇಕಾದ ಪ್ರಗತಿಯ ಲೆಕ್ಕದಲ್ಲೂ ಸೇರುತ್ತವೆ.

ನಮ್ಮವರಲ್ಲಿ ಬಹುಮಂದಿ ಎಚ್-1ಬಿ ಉದ್ಯೋಗ ವೀಸಾದಲ್ಲಿರುವುದರಿಂದ ಇನ್ನೊಂದು ವಿಷಯ. ಅವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ನೆರವು ಬೇಸಿಗೆಯಲ್ಲೂ ಇಲ್ಲ, ಬೇರೆ ಋತುಗಳಲ್ಲೂ ಇಲ್ಲ. ಎರಡು ವರ್ಷದವರಿದ್ದಾಗ ಇಲ್ಲಿಗೆ ಬಂದು, ಇಲ್ಲಿಯೇ ಶಾಲೆ ಕಲಿತು, ತಂದೆತಾಯಿ ಇಲ್ಲಿಯೇ ತೆರಿಗೆ ಕಟ್ಟಿದ ಮಕ್ಕಳ ವಿಚಾರದಲ್ಲಿ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿ ಹುಟ್ಟಿ ಪೌರತ್ವ ಪಡೆದ ಮಕ್ಕಳ ತಂದೆತಾಯಿ "ನಾವು ವೀಸಾದವರು, ನಮಗೆ ಫಾಫ್ಸಾ ಇಲ್ಲ" ಎಂದು ಸುಮ್ಮನಿರುವುದು ತಪ್ಪು ತಿಳಿವಳಿಕೆ. ಅರ್ಹತೆ ನೋಡುವುದು ವಿದ್ಯಾರ್ಥಿಯದ್ದು, ಪೋಷಕರ ವೀಸಾದ್ದಲ್ಲ. ವರಮಾನ ಹೆಚ್ಚಿದ್ದರೆ ಪೆಲ್ ಸಿಗಲಾರದು, ಅಷ್ಟೇ.

ಸಾಲಿನಲ್ಲಿ ನನ್ನನ್ನು ಕೇಳಿದವರು ಕೊನೆಗೆ ದನಿ ತಗ್ಗಿಸಿ, "ಇಷ್ಟು ಸಲ ಕೇಳಿದರೆ ಭಿಕ್ಷೆ ಬೇಡಿದ ಹಾಗೆ ಆಗೋದಿಲ್ವೇ ಮೇಷ್ಟ್ರೇ?" ಎಂದರು. ನಾನು ತುಮಕೂರಿನಲ್ಲಿ ಉಚಿತ ಹಾಸ್ಟೆಲಿನ ಅನ್ನ ಉಂಡು ಬಿ.ಎಸ್ಸಿ. ಮಾಡಿದವನು. ಅಲ್ಲಿ ಬೆಳಿಗ್ಗೆ ಗಂಟೆ ಹೊಡೆದರೆ ಎಲ್ಲರೂ ಸಾಲಾಗಿ ಕೂರುತ್ತಿದ್ದೆವು, ಯಾರೂ ಅರ್ಜಿ ಹಿಡಿದು ನಿಂತು ತನಗೆ ಹಸಿವಾಗಿದೆಯೆಂದು ಪ್ರತಿ ಹೊತ್ತೂ ಸಾಬೀತುಪಡಿಸಬೇಕಾಗಿರಲಿಲ್ಲ. ಅದನ್ನೇ ಅವರಿಗೆ ಹೇಳಿದೆ. ಇಲ್ಲಿ ಸಾಬೀತುಪಡಿಸಬೇಕಾಗಿದೆ, ಪಡಿಸೋಣ. ಅದರಲ್ಲಿ ಹಂಗೇನೂ ಇಲ್ಲ.

ಅವರ ಹುಡುಗ ಈಗ ಎರಡನೆಯ ವರ್ಷದ ಶರತ್ಕಾಲದಲ್ಲಿದ್ದಾನೆ. ಈ ಸೆಮಿಸ್ಟರಿನಲ್ಲಿ ಅವನು ಎಷ್ಟು ಕ್ರೆಡಿಟ್ ಓದುತ್ತಾನೆ, ಸಾಲವನ್ನು ಎಷ್ಟು ಭಾಗವಾಗಿ ಹಂಚಿಕೊಳ್ಳುತ್ತಾನೆ, ಅಕ್ಟೋಬರ್ ಹೊತ್ತಿಗೆ ತೆರೆಯುವ ಮುಂದಿನ ವರ್ಷದ ಫಾಫ್ಸಾವನ್ನು ಯಾವಾಗ ತುಂಬುತ್ತಾನೆ ಎಂಬುದರ ಮೇಲೆ 2026ರ ಬೇಸಿಗೆಯ ನೆರವು ನಿಂತಿದೆ. ಮೇ ತಿಂಗಳಿನಲ್ಲಿ ಕೇಳುವಾಗ ತೀರ್ಮಾನದ ಬಹುಪಾಲು ಆಗಿ ಹೋಗಿರುತ್ತದೆ. ಭಾನುವಾರ ಮಧ್ಯಾಹ್ನ ಮಗನನ್ನೂ ಅವನ ಲ್ಯಾಪ್‌ಟಾಪನ್ನೂ ಕರೆದುಕೊಂಡು ಬರುತ್ತೇನೆಂದಿದ್ದಾರೆ. ಬೇರೆ ಯಾರಿಗಾದರೂ ಈ ಲೆಕ್ಕ ಬೇಕಿದ್ದರೆ ಅದೇ ಹೊತ್ತಿಗೆ ಬನ್ನಿ, ಕಾಫಿ ನಮ್ಮ ಮನೆಯದ್ದು. ಬರುವಾಗ ಈ ವರ್ಷದ ಅವಾರ್ಡ್ ಲೆಟರಿನ, ಅಂದರೆ ಕಾಲೇಜು ಕಳಿಸಿದ ನೆರವಿನ ವಿವರದ ಪತ್ರದ, ಪ್ರತಿ ತನ್ನಿ.